ಎಂಟು ಮೊಳದ ಪಂಚೆ ಮತ್ತು ಮಾವನವರ ರೈಫಲ್ಲು

ನಮ್ಮದು ಇರುವೆ ಸಾಲು ಕಂಡರೆ ದಾಟಿಕೊಂಡು ಹೋಗುವ ಮನೆ. ಅಂಥಾ ಮನೆಯ ನಡುಮನೆ ಗೋಡೆಯ ಮೇಲೆ, ದೇವರ ಪಟಗಳ ಸಾಲು ಮುಗಿಯುವ ಕಡೆ, ಒಂದು ರೈಫಲ್ಲು ನೇತಾಡುತ್ತಿತ್ತು. ನಾನು ನಂಜನಗೂಡಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ಅದನ್ನು ನೋಡಿ ಬೆಚ್ಚಿಬಿದ್ದು, "ಇದೇನ್ರೀ, ನಿಮ್ಮಪ್ಪ ಬೇಟೆ ಆಡ್ತಾರಾ?" ಅಂತ ಗಂಡನನ್ನು ಕೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಬೋನಿಗೆ ಇಲಿ ಬಿದ್ರೆ ಹೊಳೆ ಆಚೆ ದಡಕ್ಕೆ ಬಿಟ್ಟು ಬರೋ ಮನುಷ್ಯ ಕಣೇ ಅವರು," ಅಂದರು.

ರೈಫಲ್ಲು ಮಾವನವರ ತಂದೆಯದು. ಅವರು ಶಾನುಭೋಗರಾಗಿದ್ದಾಗ ಕಂದಾಯದ ಹಣ ಖಜಾನೆಗೆ ಸಾಗಿಸುವಾಗ ಕಾವಲಿಗಿರಲಿ ಅಂತ ಲೈಸೆನ್ಸ್ ಮಾಡಿಸಿದ್ದರಂತೆ. ಶಾನುಭೋಗಿಕೆ ಹೋಯಿತು, ಬಂದೂಕು ಉಳಿಯಿತು. ಮಾವನವರು ಅದನ್ನು ತಿ. ನರಸೀಪುರದ ಹತ್ತಿರ ಇದ್ದ ನಮ್ಮ ಕಬ್ಬಿನ ಗದ್ದೆಯಿಂದ ಹಂದಿ ಓಡಿಸಲು ಇಟ್ಟುಕೊಂಡಿದ್ದರು. ಓಡಿಸುವುದು ಅಂದರೆ ಬರೀ ಓಡಿಸುವುದು. ಹಂದಿ ಒಂದು ಕಡೆ ಇದ್ದರೆ ಅವರು ಇನ್ನೊಂದು ಕಡೆ ಮಣ್ಣಿನ ಏರಿಗೆ ಗುರಿಯಿಟ್ಟು ಢಂ ಅನ್ನಿಸುತ್ತಿದ್ದರು, ಹಂದಿಗೆ ಗಾಯ ಆಗಬಾರದಲ್ಲ! ನಮ್ಮ ಗದ್ದೆ ನೋಡಿಕೊಳ್ಳುತ್ತಿದ್ದ ಗೌಡ ಇದನ್ನು ನನಗೆ ಹೇಳಿದ್ದು ಹೀಗೆ: "ನಿಮ್ ಮಾವ್ನೋರ್ ಗುಂಡು ಅಂದ್ರೆ ಅಂದಿಗಳ್ಗೆ ಮದ್ವೆ ಪಟಾಕಿ ಇದ್ದಂಗೆ ಕಣ್ರವ್ವಾ. ಸದ್ದು ಕೇಳುತ್ಲೂ ಊಟಕ್ಕೆ ಕರುದ್ರು ಅಂತ ಬತ್ತವೆ."

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಮಾವನವರ ಕಣ್ಣಿಗೆ ಪೊರೆ ಬಂತು. ಬಲಗಣ್ಣಿಗೆ ಮೈಸೂರಿನಲ್ಲಿ ಆಪರೇಷನ್ ಆಗಿ ಸೋಡಾ ಬಾಟಲಿ ತಳದಂಥ ಕನ್ನಡಕ ಬಂತು. ಆಮೇಲೆ ಶುರುವಾಯಿತು ನೋಡಿ ನಮ್ಮ ಪ್ರೀತಿಯ ದಬ್ಬಾಳಿಕೆ. ಸೈಕಲ್ ಬೇಡ, ಬೀಳ್ತೀರಿ ಅಂತ ಸೈಕಲ್ ಕೊಟ್ಟುಬಿಟ್ಟೆವು. ಬ್ಯಾಂಕಿಗೆ ಮಗ ಹೋಗ್ತಾನೆ ಬಿಡಿ ಅಂದೆವು. ಪೇಪರ್ ನಾವೇ ಓದಿ ಹೇಳಿದೆವು. ಗಡ್ಡ ಕೆರೆದುಕೊಳ್ಳುವ ಬ್ಲೇಡೂ ಕಿತ್ತುಕೊಂಡು ಕ್ಷೌರಿಕನನ್ನು ಮನೆಗೇ ಕರೆಸಿದೆವು. ಅವರು ಒಂದಕ್ಕಾದರೂ ಜಗಳ ಆಡಿದ್ದರೆ ನನಗೆ ಸಮಾಧಾನ ಇರುತ್ತಿತ್ತು. ಎಲ್ಲದಕ್ಕೂ "ಹೂಂ" ಅಂದರು, ಅಷ್ಟೇ.

ಆ ವರ್ಷ ಬಂದೂಕಿನ ಲೈಸೆನ್ಸ್ ನವೀಕರಿಸಬೇಕಿತ್ತು. ಮಾವನವರನ್ನು ಪೊಲೀಸ್ ಕಚೇರಿಗೆ ನಾನೇ ಕರೆದುಕೊಂಡು ಹೋಗಿದ್ದೆ. ಅಲ್ಲಿದ್ದ ಸಾಹೇಬರು ಹೊಸಬರು, ವಯಸ್ಸೂ ಚಿಕ್ಕದು, ಒಳ್ಳೆಯ ಮನುಷ್ಯ. ಮಾವನವರ ಕನ್ನಡಕ ನೋಡಿದರು, ಬಂದೂಕು ನೋಡಿದರು, ನನ್ನ ಮುಖ ನೋಡಿದರು.

"ಯಜಮಾನ್ರೇ, ಇನ್ನು ಇದೆಲ್ಲ ಯಾಕೆ? ಠಾಣೆಗೆ ಒಪ್ಪಿಸಿಬಿಡಿ. ನಿಮಗೂ ನೆಮ್ಮದಿ, ನಮಗೂ ನೆಮ್ಮದಿ."

ಇನ್ನೇನು "ಹೂಂ" ಅಂತಾರೆ ಅಂದುಕೊಂಡೆ. ಮಾವನವರು "ಉಹೂಂ" ಅಂದರು.

"ಗುರಿ ಕಾಣಬೇಕಲ್ಲ ನಿಮಗೆ?"

"ಎಲ್ಲಿ ಬೇಕಾದ್ರೂ ಗುರಿ ಇಡಿ. ಹೊಡೀದೇ ಇದ್ರೆ ಕೇಳಿ."

ಸಾಹೇಬರಿಗೆ ತಮಾಷೆ ಅನ್ನಿಸಿತೋ, ಮುದುಕರ ಮನಸ್ಸು ನೋಯಿಸಬಾರದು ಅನ್ನಿಸಿತೋ. ಇನ್ನೆರಡು ವಾರ ಬಿಟ್ಟು ಭಾನುವಾರ ನಿಮ್ಮ ಗದ್ದೆಗೇ ಬರ್ತೀನಿ, ಒಂದು ಕುಡಿಕೆ ಇಡ್ತೀನಿ, ಎಲ್ಲಿ ಅಂತ ಆವತ್ತೇ ಹೇಳ್ತೀನಿ, ಒಂದೇ ಗುಂಡು ಅಂದರು. ಒಡೆದರೆ ಬಂದೂಕು ನಿಮ್ಮದು, ಒಡೆಯದಿದ್ದರೆ ನನ್ನ ಜೀಪಿನಲ್ಲಿ ಠಾಣೆಗೆ ಬರುತ್ತೆ. "ಆಗಲಿ," ಅಂದರು ಮಾವ, ಮಗಳ ಮದುವೆ ಮಾತು ಮುಗಿಸಿದವರ ಹಾಗೆ ಶಲ್ಯ ಕೊಡವಿಕೊಂಡು ಎದ್ದರು.

ಮನೆಗೆ ಬಂದು ಹೇಳಿದರೆ ಅತ್ತೆಗೆ ಪರಮಾನಂದ. "ತೊಲಗಲಿ ಆ ಶನಿ! ದೇವರ ಪಟದ ಪಕ್ಕ ಬಂದೂಕಿನ ಚರ್ಮದ ಪಟ್ಟಿ ನೇತುಹಾಕಿಕೊಂಡು ನಲವತ್ತು ವರ್ಷ ಸಂಸಾರ ಮಾಡಿದ್ದೀನಿ. ನಾನಾಗಿದ್ದಕ್ಕೆ ಆಯ್ತು." ಗಂಡನೂ ಅತ್ತೆ ಕಡೆಯೇ. ಮಾವನವರ ಕಡೆ ನಾನೊಬ್ಬಳೇ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮೇಡಮ್ಮು. ನನ್ನ ಹತ್ತಿರ ಇದ್ದದ್ದು ಗಣಿತ ಒಂದೇ, ಅದನ್ನೇ ಕೊಟ್ಟೆ.

ಗಣಿತಕ್ಕೆ ಏನು ಕೆಲಸ ಅಂತೀರಾ? ಹೇಳ್ತೀನಿ. ಹಡಗಿನಲ್ಲಿ ಕೆಲಸಕ್ಕಿದ್ದ ನನ್ನ ಮೈದುನ ಅಪ್ಪನ ಕಣ್ಣಿನ ಸುದ್ದಿ ಕೇಳಿ, ಯಾವುದೋ ದೇಶದಿಂದ ರೈಫಲ್ಲಿನ ಮೇಲೆ ಕೂರಿಸುವ ದುರ್ಬೀನು ತಂದುಕೊಟ್ಟಿದ್ದ. ಅದರೊಳಗೆ ನೋಡಿದರೆ ಕೂಡಿಸುವ ಚಿಹ್ನೆಯ ಹಾಗೆ ಎರಡು ಗೆರೆ. ನಡುವಿನಿಂದ ಕೆಳಕ್ಕೆ ಇನ್ನೂ ಮೂರು ಪುಟ್ಟ ಗೆರೆಗಳು, ಏಣಿ ಮೆಟ್ಟಿಲ ಹಾಗೆ. ಗುಂಡು ನೇರ ಹೋಗುತ್ತೆ ಅಂತ ನಾವೆಲ್ಲ ಅಂದುಕೊಂಡಿರ್ತೀವಲ್ಲ, ಹೋಗಲ್ಲ. ಎಸೆದ ಕಲ್ಲು ಹೇಗೋ ಹಾಗೇ ಹೋಗ್ತಾ ಹೋಗ್ತಾ ಕೆಳಗಿಳಿಯುತ್ತೆ. ಅದಕ್ಕೇ ದೂರದ ಗುರಿಗೆ ನಡುಗೆರೆ ಇಡದೆ ಕೆಳಗಿನ ಗೆರೆ ಇಡಬೇಕು, ಆಗ ಬಂದೂಕಿನ ಮೂತಿ ಅಷ್ಟು ಮೇಲೇಳುತ್ತೆ. ಯಾವ ಗೆರೆ ಎಷ್ಟು ದೂರಕ್ಕೆ ಅಂತ ದುರ್ಬೀನಿನ ಜೊತೆ ಬಂದ ಕಾಗದದಲ್ಲಿ ಇತ್ತು. ಆದರೆ ಅದು ಅವರ ದೇಶದ ತೋಟಾಗೆ, ಅಂದರೆ ಗುಂಡಿಗೆ. ನಮ್ಮದು ದಪ್ಪ ಗುಂಡು, ನಿಧಾನ, ಬೇಗ ಕೆಳಗಿಳಿಯುತ್ತೆ. ಅವರ ಗೆರೆ ನಂಬಿಕೊಂಡು ಹೊಡೆದರೆ ಕುಡಿಕೆ ಬದಲು ಅದರ ಕೆಳಗಿನ ಮಣ್ಣು ಹಾರುತ್ತಿತ್ತು.

ಸರಿ, ನಮ್ಮ ಗುಂಡು ಎಲ್ಲೆಲ್ಲಿ ಎಷ್ಟೆಷ್ಟು ಇಳಿಯುತ್ತೆ ಅಂತ ನಾವೇ ಕಂಡುಹಿಡಿಯಬೇಕಾಯಿತು. ಅದಕ್ಕೆ ಉದ್ದನೆಯ ಬಿಳಿ ಗುರಿ ಬೇಕು. ಅತ್ತೆ ಹಬ್ಬಕ್ಕೆ ಅಂತ ಬದನವಾಳಿನಿಂದ ತರಿಸಿ ಪೆಟ್ಟಿಗೆಯಲ್ಲಿಟ್ಟಿದ್ದ ಹೊಸಾ ಖಾದಿ ಪಂಚೆ, ಎಂಟು ಮೊಳದ್ದು, ಮಡಿಕೆ ಬಿಚ್ಚದ್ದು, ನನ್ನ ಕಣ್ಣಿಗೆ ಬಿತ್ತು. ಮಾವನವರೇ ಅದನ್ನು ಚೀಲಕ್ಕೆ ತುರುಕಿಕೊಂಡರು. ಅವರದೇ ಪಂಚೆ, ಕಳ್ಳತನ ಹೇಗಾಗುತ್ತೆ?

ಮೊದಲ ಭಾನುವಾರ ನಾವಿಬ್ಬರೂ ಬಸ್ಸು ಹತ್ತಿ ಗದ್ದೆಗೆ ಹೋದೆವು. ಗೌಡ ಎರಡು ಬಿದಿರು ನೆಟ್ಟು ಅಡ್ಡಗಳು ಕಟ್ಟಿ ಪಂಚೆಯನ್ನು ಉದ್ದಕ್ಕೆ ಇಳಿಬಿಟ್ಟ. ಅದರ ತಲೆಯ ಹತ್ತಿರ ಕಾವಲಿ ಮಸಿಯಿಂದ ಅಂಗೈಯಗಲ ಕಪ್ಪು ಬೊಟ್ಟು ಇಟ್ಟೆ. ಹಿಂದೆ ಎತ್ತರದ ಕಾಲುವೆ ಏರಿ, ಗುಂಡು ಎಲ್ಲಿಗೂ ಹೋಗುವಂತಿಲ್ಲ. ಪಂಪ್‌ಸೆಟ್ ಮನೆ ಮುಂದೆ ಮಾವನವರು ಗೋಣಿಚೀಲದ ಮೇಲೆ ಬೋರಲು ಮಲಗಿದರು. ಪಂಚೆ ಮೊದಲು ಬಾವಿ ಹತ್ತಿರ, ಆಮೇಲೆ ಮಾವಿನಮರದ ಹತ್ತಿರ, ಆಮೇಲೆ ಕಾಲುವೆ ತೂಬಿನ ಹತ್ತಿರ. ಪ್ರತಿ ಸಲವೂ ನಡುಗೆರೆಯನ್ನು ಕಪ್ಪು ಬೊಟ್ಟಿಗೇ ಇಟ್ಟು ಹೊಡೆಯಬೇಕು, ಎಷ್ಟು ಕೆಳಗೆ ತೂತು ಬೀಳುತ್ತೋ ಅದೇ ಇಳಿತ. ಲೈಸೆನ್ಸಿನ ಮೇಲೆ ತೋಟಾ ಕೊಡುವುದೇ ಲೆಕ್ಕ ಮಾಡಿ, ಹಾಗಾಗಿ ಒಂದೊಂದು ಜಾಗಕ್ಕೆ ಒಂದೊಂದೇ ಗುಂಡು.

ಆಹಾ, ಏನು ಗುರಿ ರೀ! ಮೂರು ತೂತೂ ಬೊಟ್ಟಿನ ಕೆಳಗೆ ನೂಲು ಬಿಟ್ಟ ಹಾಗೆ ಒಂದೇ ಸಾಲಿನಲ್ಲಿ. ಗೌಡ ಪಂಚೆ ಸುತ್ತ ಪ್ರದಕ್ಷಿಣೆ ಹಾಕಿ, "ಬುದ್ಧೀ, ಇಷ್ಟ್ ದಿನ ಬೇಕಂತ್ಲೇ ತಪ್ಪುಸ್ತಿದ್ರಾ?" ಅಂತ ಬಾಯಿ ಬಿಟ್ಟುಕೊಂಡು ನಿಂತ. ಮಾವನವರು ಆಪರೇಷನ್ ಆದ ಮೇಲೆ ಮೊದಲ ಸಲ ಗಟ್ಟಿಯಾಗಿ ನಕ್ಕಿದ್ದು ಆವತ್ತು. ಅಳತೆ ಅಲ್ಲೇ ತಗೋಬೇಕಿತ್ತು. ಆದರೆ ಮೋಡ ಕವಿಯಿತು, ಕೊನೇ ಬಸ್ಸಿನ ಹೊತ್ತೂ ಆಯಿತು. ಪಂಚೆ ಮಡಚಿ ಬಂದೂಕಿನ ಜೊತೆಗೇ ಕಟ್ಟಿಕೊಂಡು ಓಡಿದೆವು. ಮನೆಯಲ್ಲಿ ನಿಧಾನವಾಗಿ ಅಳೆದರಾಯಿತು, ತೂತು ಎಲ್ಲಿಗೆ ಓಡಿಹೋಗುತ್ತೆ?

ಸೋಮವಾರ ಸಂಜೆ ನಾನು ಶಾಲೆಯಿಂದ ಬರುವಷ್ಟರಲ್ಲಿ ಪಂಚೆ ಹಿತ್ತಲ ಗಳುವಿನ ಮೇಲೆ ಒಣಗುತ್ತಿತ್ತು. ಅತ್ತೆ ಸುಮ್ಮನಿರ್ತಾರಾ? "ಚರ್ಮದ ಪಟ್ಟಿ ಮುಟ್ಟಿದೆ, ಮದ್ದು ಮುಟ್ಟಿದೆ, ಬಸ್ಸು ಮುಟ್ಟಿದೆ, ಅದೇನೇನು ಮುಟ್ಟಿದೆಯೋ! ಅದನ್ನ ಹಾಗೇ ಒಳಗೆ ತಗೊಳ್ಳೋಕೆ ನನಗೇನು ತಲೆ ಕೆಟ್ಟಿದೆಯಾ?" ಅಂತ ಸೋಡಾ ಹಾಕಿ ಹಂಡೆಯಲ್ಲಿ ಕೊತಕೊತ ಕುದಿಸಿ ಒಗೆದಿದ್ದರು. ಓಡಿಹೋಗಿ ನೋಡಿದೆ. ಮಸಿ ಬೊಟ್ಟು ಮಾಸಿದ್ದರೂ ಗುರುತು ಉಳಿದಿತ್ತು, ಮೂರು ತೂತೂ ಹಾಗೇ ಇದ್ದವು. ದೇವರು ದೊಡ್ಡವನು ಅಂದುಕೊಂಡು ಹಾಸಿ ಅಳೆದೆ, ಒಂದು ಸಲಕ್ಕೆ ಮೂರು ಸಲ ಅಳೆದೆ. ಗ್ರಾಫ್ ಕಾಗದದ ಮೇಲೆ ನಮ್ಮ ಗುಂಡಿನ ಇಳಿತ ಒಂದು ಗೆರೆ, ದುರ್ಬೀನಿನ ಗೆರೆಗಳದ್ದು ಇನ್ನೊಂದು. ಎರಡೂ ಎಲ್ಲಿ ಸಂಧಿಸುತ್ತೋ ಅದೇ ಉತ್ತರ. ಉತ್ತರ ಎಷ್ಟು ಸೊಗಸಾಗಿ ಬಂತು ಅಂದರೆ ನನಗೇ ನನ್ನ ಮೇಲೆ ಹೆಮ್ಮೆ. ಮೊದಲ ಗೆರೆ ಬಾವಿಗೆ, ಎರಡನೆಯದು ಮಾವಿನಮರಕ್ಕೆ, ಮೂರನೆಯದು ತೂಬಿಗೆ. ಮಾವನವರು ಜಪ ಮಾಡುವಾಗಲೂ ನಡುವೆ ಬೆರಳು ಮಡಚಿ "ಬಾವಿ, ಮಾವು, ತೂಬು" ಅನ್ನುತ್ತಿದ್ದರು.

ಪರೀಕ್ಷೆಯ ಭಾನುವಾರ ಬಂತು. ಅತ್ತೆ ತಾನೂ ಬರುತ್ತೇನೆ ಅಂತ ಹೊರಟರು, "ಆ ಶನಿ ಜೀಪು ಹತ್ತೋದನ್ನ ಕಣ್ತುಂಬ ನೋಡ್ಬೇಕು." ಪುಳಿಯೋಗರೆ ಡಬ್ಬಿ ಬೇರೆ. ಮಾವನವರಿಗೆ ಉಡಲು ಅದೇ ಪಂಚೆ ಕೊಟ್ಟಿದ್ದರು. ತೂತಿಗೆ ತೇಪೆ ಹೊಲಿದಿದ್ದರು, ಹೊಸಾ ಪಂಚೆ ಎಸೆಯೋಕಾಗುತ್ತಾ? ಹೊರಡುವಾಗ ಮಾವನವರು ಕನ್ನಡಿ ಮುಂದೆ ಒದ್ದಾಡುತ್ತಿದ್ದರು. "ಏನೇ ಇದು, ಕಚ್ಚೆ ಸಿಗಿಸೋಕೆ ಚುಂಗೇ ಸಾಲ್ತಿಲ್ಲ." ಅತ್ತೆ ಒಳಗಿಂದಲೇ, "ಕೂತು ಕೂತು ತಿಂದು ಹೊಟ್ಟೆ ಬಂದಿದೆ, ಪಂಚೆ ಏನ್ ಮಾಡುತ್ತೆ?" ಅಂದರು. ನಾನೂ ನಕ್ಕೆ. ಗಣಿತದ ಮೇಡಮ್ಮು ನಕ್ಕಳು ಅಂತ ಬರೆದಿಟ್ಟುಕೊಳ್ಳಿ.

ಸಾಹೇಬರು ಒಬ್ಬ ಪೇದೆಯ ಜೊತೆ ಜೀಪಿನಲ್ಲಿ ಬಂದರು. ಗದ್ದೆಯೆಲ್ಲ ಸುತ್ತ ನೋಡಿ, ಕುಡಿಕೆಯನ್ನು ಪೇದೆಯ ಕೈಲಿ ಕೊಟ್ಟು ಕಾಲುವೆ ಏರಿ ಕಡೆ ಬೆರಳು ತೋರಿಸಿ, "ತೂಬಿನ ಪಕ್ಕ ಇಡು," ಅಂದರು. ತೂಬು! ಮಾವನವರು ನನ್ನ ಕಡೆ ತಿರುಗಿ ಮೂರು ಬೆರಳು ತೋರಿಸಿದರು. ನಾನು ತಲೆಯಾಡಿಸಿದೆ. ಅವರು ಗೋಣಿಯ ಮೇಲೆ ಬೋರಲು ಮಲಗಿದರು. ಮಲಗಿದಾಗ ಪಂಚೆ ಮೀನಖಂಡದವರೆಗೂ ಮೇಲೆ ಸರಿದುಹೋಯಿತು. ಎಷ್ಟು ಎಳೆದುಕೊಂಡರೂ ಕೆಳಗೆ ಬರಲಿಲ್ಲ.

ಹೊಟ್ಟೆ ಬಂದರೆ ಕಚ್ಚೆ ಗಿಡ್ಡ ಆಗಬಹುದು. ಮೀನಖಂಡ ಯಾಕೆ ಕಾಣಬೇಕು?

"ತಡೀರಿ! ಮಾವ, ತಡೀರಿ!" ಅಂತ ಕಿರುಚಿಬಿಟ್ಟೆ. ಕುಡಿಕೆ ಇಟ್ಟು ಬಂದಿದ್ದ ಪೇದೆ ಬೆಚ್ಚಿ ಜೀಪಿನ ಹಿಂದೆ ಹೋದ. ಖಾದಿ ಮೊದಲ ನೀರಿಗೆ ಕುಗ್ಗುತ್ತೆ ಅನ್ನೋದು ನಮ್ಮ ಕಡೆ ಅಂಬೆಗಾಲಿಡೋ ಮಗುವಿಗೂ ಗೊತ್ತು. ಅದಕ್ಕೇ ಒಂದು ಮೊಳ ಜಾಸ್ತಿ ತರ್ತೀವಿ. ಅಂಥಾದ್ದನ್ನು ಕುದಿಸಿ, ಒಣಗಿಸಿ, ಕುಗ್ಗಿದ ಪಂಚೆಯ ಮೇಲೆ ಗುಂಡಿನ ಇಳಿತ ಅಳೆದಿದ್ದೆ ನಾನು! ತೂತುಗಳ ನಡುವಿನ ಅಂತರವೂ ಪಂಚೆ ಜೊತೆಗೇ ಕುಗ್ಗಿತ್ತು. ನಿಜವಾಗಿ ಗುಂಡು ನನ್ನ ಲೆಕ್ಕಕ್ಕಿಂತ ಕೆಳಗಿಳಿಯುತ್ತೆ. ಎಷ್ಟು ಕೆಳಗೆ?

"ಅತ್ತೆ, ಪಂಚೆ ಈಗ ಎಷ್ಟು ಮೊಳ ಇದೆ, ಅಳೀಬೇಕು. ಈಗ್ಲೇ."

"ಅಯ್ಯೋ ಹುಚ್ಚಿ! ಪೊಲೀಸ್ನೋರ ಮುಂದೆ ಬಿಚ್ಚಿಸ್ತೀಯಾ?"

ಸಾಹೇಬರಿಗೆ ಏನೂ ಅರ್ಥವಾಗದಿದ್ದರೂ ಮರ್ಯಾದಸ್ಥರು, ಹೊಳೆ ಕಡೆ ಮುಖ ತಿರುಗಿಸಿದರು. ಮಾವನವರು ಟವೆಲು ಸುತ್ತಿಕೊಂಡು ಪಂಪ್‌ಸೆಟ್ ಮನೆಯೊಳಗೆ ಸೇರಿಕೊಂಡರು, ಬಾಗಿಲ ಸಂದಿಯಿಂದ ಪಂಚೆ ಈಚೆ ಬಂತು. ಅತ್ತೆ ಮೊಣಕೈಯಿಂದ ಬೆರಳ ತುದಿಗೆ ಹಿಡಿದು ಅಳೆಯುತ್ತಾ, ಮಂಡಿ ಮಾರುಕಟ್ಟೆಯಲ್ಲಿ ಕೂಗುವ ಹಾಗೆ "ಒಂದೂ... ಎರಡೂ..." ಅಂತ ಎಣಿಸಿದರು. ಏಳು ಮೊಳ ಆಯಿತು, ಮೇಲೆ ಒಂದು ಚೋಟು, ಅಂದರೆ ಕಾಲು ಮೊಳ. ಅಷ್ಟೇ.

"ಮುಕ್ಕಾಲು ಮೊಳ ತಿಂದಿದೆ," ಅಂದೆ.

"ಒಗೆದದ್ದಕ್ಕೆ ಕುಗ್ಗಿಲ್ಲ, ನಿನ್ನ ಮಾವನ ಗುಂಡಿನ ಶಾಖಕ್ಕೆ ಕುಗ್ಗಿದೆ," ಅಂದರು ಅತ್ತೆ. ಸೋಲೋ ಜಾತಿಯಲ್ಲ ಅವರು. ಒಳಗಿಂದ ಮಾವನವರು, "ಮೊದ್ಲು ಪಂಚೆ ಕೊಡ್ರೇ, ಸೊಳ್ಳೆ ಕಚ್ತಿದೆ," ಅಂದರು.

ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ಲೆಕ್ಕ ಹಾಕಿದೆ. ತೂಬಿನ ದೂರಕ್ಕೆ ನಾಲ್ಕು ಬೆರಳಿನಷ್ಟು ವ್ಯತ್ಯಾಸ. ಕುಡಿಕೆಯೇ ಅಂಗೈಯಗಲ, ನಾಲ್ಕು ಬೆರಳು ಕೆಳಗೆ ಅಂದರೆ ಬರೀ ಮಣ್ಣು. ಮೂರನೇ ಗೆರೆಯನ್ನು ಕುಡಿಕೆಗಿಂತ ನಾಲ್ಕು ಬೆರಳು ಮೇಲೆ ಹಿಡಿಯಬೇಕು. ಮಾವನವರು ಮತ್ತೆ ಮಲಗಿದ ಮೇಲೆ ಹತ್ತಿರ ಹೋಗಿ ಕೂತು, ಬಗ್ಗಿ ಮೆಲ್ಲಗೆ ಹೇಳಿದೆ.

ಅವರು ದುರ್ಬೀನಿಗೆ ಕಣ್ಣಿಟ್ಟರು. ಇಟ್ಟರು, ಇಟ್ಟೇ ಇದ್ದರು. ಆಮೇಲೆ ನನಗೊಬ್ಬಳಿಗೇ ಕೇಳುವ ಹಾಗೆ ಅಂದರು, "ನಿನ್ನ ಗೆರೆ ಮೂರೂ ಬಹಳ ಚೆನ್ನಾಗಿ ಕಾಣ್ತವೆ ಕಣಮ್ಮ. ಕುಡಿಕೆ ಮಾತ್ರ ಕಾಣ್ತಿಲ್ಲ."

ಬಿಳೀ ಪಂಚೆಯ ಮೇಲೆ ಕರೀ ಬೊಟ್ಟು ಅವರಿಗೆ ಕಂಡಿತ್ತು. ಇವತ್ತು ಮಣ್ಣಿನ ಏರಿಯ ಮೇಲೆ ಮಣ್ಣಿನ ಕುಡಿಕೆ. ಎಲ್ಲ ಲೆಕ್ಕ ಹಾಕಿದ್ದ ನನ್ನ ತಲೆಗೆ ಇದು ಹೊಳೆದೇ ಇರಲಿಲ್ಲ. "ಸಾಹೇಬ್ರಿಗೆ ಹೇಳ್ಲಾ? ಸುಣ್ಣ ಬಳಿಯೋಕೆ ಹೇಳೋಣ," ಅಂದೆ.

"ಬೇಡ. ಸುಣ್ಣ ಬಳಿದು ಹೊಡೆದರೆ ಏನು ಬಂತು? ನೀನು ಹೇಳು, ಎಲ್ಲಿದೆ."

"ತೂಬಿನ ಕಲ್ಲು ಕಾಣುತ್ತಾ?"

"ಬೆಳ್ಳಗೆ ಏನೋ ಇದೆ."

"ಅದೇ. ಅದರ ಎಡಕ್ಕೆ, ಅಂಥಾದ್ದೇ ಎರಡು ಕಲ್ಲಿಟ್ಟರೆ ಎಷ್ಟೋ ಅಷ್ಟು. ಕಲ್ಲಿನ ತಲೆ ಸಮಕ್ಕೇ ಕುಡಿಕೆ."

"ಹೂಂ," ಅಂದರು. ಇದು ಬೇರೆ "ಹೂಂ". ಉಸಿರು ಬಿಟ್ಟರು, ಹೊಡೆದರು.

ಏರಿಯ ಮೇಲೆ ಧೂಳೆದ್ದಿತು. ಎತ್ತರ ಸರಿಯಾಗಿತ್ತು ರೀ! ಪಕ್ಕಾ ಕುಡಿಕೆಯ ಎತ್ತರ, ನನ್ನ ನಾಲ್ಕು ಬೆರಳು ತಪ್ಪಿರಲಿಲ್ಲ. ಆದರೆ ಒಂದು ಗೇಣು ಪಕ್ಕಕ್ಕೆ. ಧೂಳು ಇಳಿದ ಮೇಲೆ ಕುಡಿಕೆ ಬಿಸಿಲಿನಲ್ಲಿ ನೆಟ್ಟಗೆ ಕೂತಿತ್ತು, ಎಲ್ಲರಿಗೂ ಕಾಣುವ ಹಾಗೆ.

"ಒಡೀತಾ?" ಅಂದರು ಮಾವನವರು, ದುರ್ಬೀನಿನಿಂದ ಕಣ್ಣು ತೆಗೆಯದೆ.

ನಾನು ಸಾಹೇಬರ ಕಡೆ ತಿರುಗಿದೆ. ಮಾವನವರಿಗೆ ಕುಡಿಕೆಯೇ ಕಾಣುತ್ತಿಲ್ಲ ಅಂತ ಸಾಹೇಬರಿಗೆ ಆಗ ಗೊತ್ತಾಯಿತು, ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

"ಒಡೀತು ಕಣ್ರೀ!" ಅಂತ ಹಿಂದಿನಿಂದ ಕೂಗು. "ಚೂರುಚೂರಾಯ್ತು!"

ಅತ್ತೆ! ಬಂದೂಕು ತೊಲಗಲಿ ಅಂತ ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದ ಅತ್ತೆ. ಮಡಿಯಲ್ಲಿ ಸುಳ್ಳಾಡಬಾರದು ಅಂತ ನಮಗೆಲ್ಲ ಪಾಠ ಹೇಳುತ್ತಿದ್ದ ಅತ್ತೆ. ಪುಳಿಯೋಗರೆ ಡಬ್ಬಿ ಎದೆಗವಚಿಕೊಂಡು, ಇಲ್ಲ ಅನ್ನು ನೋಡೋಣ ಅನ್ನುವ ಹಾಗೆ ಸಾಹೇಬರನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದರು. ಸಾಹೇಬರು ತಮ್ಮ ಬೂಟು ನೋಡಿಕೊಂಡರು. ಗೌಡ ಒಂದು ಗಳಿಗೆ ತಬ್ಬಿಬ್ಬಾಗಿ, ಆಮೇಲೆ "ಊಂ ಕಣ್ ಬುದ್ಧಿ, ಪುಡಿಪುಡಿ!" ಅಂದ. ನನಗೆ ಅಳು ಬಂದುಬಿಟ್ಟಿತು.

ಮಾವನವರು ನಿಧಾನಕ್ಕೆ ಎದ್ದು ಕೂತರು. ಖಾಲಿ ತೋಟಾ ತೆಗೆದು ಪಕ್ಕಕ್ಕಿಟ್ಟರು. ಶಲ್ಯದಿಂದ ನಳಿಗೆ ಒರೆಸಿದರು.

"ಮಡಕೆ ಒಡೆಯೋ ಸದ್ದು ನಂಗೆ ಗೊತ್ತಿಲ್ವೇನೇ?" ಅಂದರು ಅತ್ತೆಗೆ. "ನಲವತ್ತು ವರ್ಷ ನಿನ್ನ ಜೊತೆ ಸಂಸಾರ ಮಾಡಿದೀನಿ."

ಪೇದೆ ಕಿಸಕ್ಕೆಂದ. ಸಾಹೇಬರೂ ತಡೆಯಲಾರದೆ ನಕ್ಕರು. ಅತ್ತೆ "ಹೇಳಿದ್ದು ಕೇಳಿಕೊಂಡು ಸುಮ್ಮನೆ ಇರಬಾರದೇ, ನಿಮ್ಮ ಹಟ ಹಾಳಾಗ!" ಅಂತ ಬೈಯುತ್ತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮಾವನವರು ಗೋಣಿಯ ಮೇಲಿಂದ ಎದ್ದರು, ಗಿಡ್ಡ ಪಂಚೆ ಕೊಡವಿಕೊಂಡರು, ಎದೆ ನೆಟ್ಟಗೆ ಮಾಡಿ ನಿಂತರು.

"ತಗೊಳ್ಳಿ ಸಾಹೇಬ್ರೇ," ಅಂತ ಬಂದೂಕು ಚಾಚಿದರು.

ಅವರು ಚಾಚಿದ ಕಡೆ ಯಾರೂ ಇರಲಿಲ್ಲ. ಸಾಹೇಬರು ನಿಂತಿದ್ದದ್ದು ಅವರ ಇನ್ನೊಂದು ಪಕ್ಕಕ್ಕೆ. ಸಾಹೇಬರು ನಮಗೆ ಮಾತಾಡಬೇಡಿ ಅಂತ ಕೈಸನ್ನೆ ಮಾಡಿದರು. ಬೂಟಿನ ಸದ್ದಾಗದ ಹಾಗೆ ಸುತ್ತಿಕೊಂಡು ಬಂದು, ಮಾವನವರು ಬಂದೂಕು ಹಿಡಿದಿದ್ದ ಕಡೆಗೇ ನಿಂತು, ಎರಡೂ ಕೈ ನೀಡಿ ತಗೊಂಡರು.